ದೊಡ್ಡ ಕೋಣೆಯ ಏಳನೆಯ ನಿಯಮ

ಮನೆಯ ಅತ್ಯುತ್ತಮ ಕೋಣೆಯಲ್ಲಿ ಮನೆಯವರು ಯಾರೂ ವಾಸಿಸತಕ್ಕದ್ದಲ್ಲ ಎಂಬುದು ಮೊಲ್ದೋವಾದ ಪ್ರೂತ್ ನದಿಯ ಈ ದಡದಲ್ಲಿ ಎಲ್ಲರೂ ಒಪ್ಪಿಕೊಂಡಿರುವ ಸಂಗತಿ. ಆ ಕೋಣೆಗೆ ದೊಡ್ಡ ಕೋಣೆ ಎಂದು ಹೆಸರು. ಅದರ ಗೋಡೆಗೆ ಗುಲಾಬಿ ಹೂವಿನ ಉಣ್ಣೆಯ ಜಮಖಾನೆ, ಮಂಚದ ಮೇಲೆ ಸೂರಿಗೆ ತಾಗುವಷ್ಟು ದಿಂಬು, ಪೆಟ್ಟಿಗೆಯ ಮೇಲೆ ಅಜ್ಜಿಯ ಕಾಲದ ಕಸೂತಿ. ಮನೆಯವರು ಪಕ್ಕದ ಸಣ್ಣ ಕೋಣೆಯಲ್ಲಿ ಒಲೆಯ ಸುತ್ತ ಕಾಲು ಮುದುರಿಕೊಂಡು ಮಲಗುತ್ತಾರೆ. ದೊಡ್ಡ ಕೋಣೆಯ ಬಾಗಿಲು ತೆರೆಯುವುದು ಮೂರೇ ಸಂದರ್ಭಗಳಲ್ಲಿ: ಅತಿಥಿ ಬಂದಾಗ, ಮದುವೆಯಾದಾಗ, ಮನೆಯವರಲ್ಲಿ ಒಬ್ಬರು ಸತ್ತಾಗ. ಬದುಕಿರುವ ತನಕ ಆ ದಿಂಬುಗಳನ್ನು ಮುಟ್ಟಲು ಧೈರ್ಯ ಮಾಡದ ಯಜಮಾನ ಸತ್ತ ಮೇಲೆ ಮೂರು ದಿನ ಅಲ್ಲಿ ದೊರೆಯ ಹಾಗೆ ಮಲಗಿ, ನಾಲ್ಕನೆಯ ದಿನ ಸ್ಮಶಾನಕ್ಕೆ ಹೋಗುತ್ತಾನೆ.

ಪೆರ್ಜೇನಿ ಗ್ರಾಮದ ಪ್ಲಮ್ ಒಣಗಿಸುವ ಕಾರ್ಖಾನೆಯ ವಿಷಯದಲ್ಲಿ ಸರ್ಕಾರ ಅನುಸರಿಸಿದ್ದೂ ಇದೇ ಪದ್ಧತಿಯನ್ನು. ಈ ಬಗ್ಗೆ ಅನ್ಯಥಾ ಭಾವಿಸಲು ಕಾರಣವಿಲ್ಲ.

ಕಾರ್ಖಾನೆಯನ್ನು ನಾಲ್ಕು ವರ್ಷಗಳ ಹಿಂದೆ ವಿದೇಶೀ ಸಾಲದಲ್ಲಿ ಕಟ್ಟಲಾಯಿತು. ಹಳ್ಳದ ಅಂಚಿನಲ್ಲಿ ಊರಿನವರು ತಲೆಮಾರುಗಳಿಂದ ಹೊಗೆಯಲ್ಲಿ ಪ್ಲಮ್ ಒಣಗಿಸುತ್ತಿದ್ದ ಅರವತ್ತಮೂರು ಮಣ್ಣಿನ ಗೂಡುಗಳನ್ನು ಒಡೆದುಹಾಕಬೇಕು ಎಂಬುದು ಸಾಲದ ಷರತ್ತು. ಹೊಗೆ ನೈರ್ಮಲ್ಯಕ್ಕೆ ವಿರುದ್ಧವಂತೆ. ಒಡೆಯಲಾಯಿತು. ಬ್ಯಾಂಡು ಬಾರಿಸಲಾಯಿತು. ರಿಬ್ಬನ್ ಕತ್ತರಿಸಿದ ದಿನ ಯಂತ್ರ ಸಂಜೆಯ ತನಕ ಓಡಿತು. ಮರುದಿನ ಪರಿಶೀಲಿಸಿದಾಗ ನಾಲ್ಕು ಬೋಲ್ಟು ಸಡಿಲವಾಗಿದ್ದೂ ಒಂದು ತಟ್ಟೆಗೆ ಗೀರು ಬಿದ್ದಿದ್ದೂ ಕಂಡುಬಂತು. ಇದು ರಾಷ್ಟ್ರೀಯ ಪ್ರಗತಿ ಸಂರಕ್ಷಣಾ ಮಂಡಳಿಯ ಗಮನಕ್ಕೆ ಹೋಯಿತು. ಸಾಧಿಸಿದ ಪ್ರಗತಿಯು ಬಳಕೆಯಿಂದ ಹಾಳಾಗದಂತೆ ಕಾಪಾಡುವುದು ಆ ಮಂಡಳಿಯ ಕೆಲಸ. ಅದರ ತೀರ್ಮಾನ ಸರಳವಾಗಿತ್ತು. ಓಡಿದರೆ ಯಂತ್ರ ಸವೆಯುತ್ತದೆ. ಸವೆದದ್ದನ್ನು ಸಾಲ ಕೊಟ್ಟವರಿಗೆ ತೋರಿಸಲಾಗದು. ತೋರಿಸದಿದ್ದರೆ ಮುಂದಿನ ಕಂತು ಬಾರದು. ಆದುದರಿಂದ ಯಂತ್ರವು ಓಡತಕ್ಕದ್ದಲ್ಲ.

ನಿಯಮಾವಳಿ ಬರೆಯಲು ಕುಳಿತಾಗ ಮಂಡಳಿಯ ಅಧ್ಯಕ್ಷರಿಗೆ ತಮ್ಮ ತಾಯಿಯ ದೊಡ್ಡ ಕೋಣೆ ನೆನಪಾಗಿ ಕಣ್ಣು ಒದ್ದೆಯಾಯಿತು ಎಂದು ನಡಾವಳಿಯಲ್ಲಿ ದಾಖಲಾಗಿದೆ. ಕಾರ್ಖಾನೆಯ ಗೋಡೆಗೆ ಗಾಜಿನ ಚೌಕಟ್ಟು ಹಾಕಿ ತೂಗುಹಾಕಿದ ನಿಯಮಗಳ ಪೈಕಿ ಎರಡು ಈ ಕಥೆಗೆ ಬೇಕು.

ನಿಯಮ ಏಳು: ಬಾಗಿಲನ್ನು ಅತಿಥಿಗಳ ಆಗಮನ, ವಿವಾಹ, ಅಥವಾ ಗ್ರಾಮಸ್ಥರ ಮರಣ (ಮೂರು ದಿನಗಳ ಮಟ್ಟಿಗೆ) ಈ ಸಂದರ್ಭಗಳಲ್ಲಿ ಮಾತ್ರ ತೆರೆಯತಕ್ಕದ್ದು.

ನಿಯಮ ಎಂಟು: ಬಾಗಿಲು ತೆರೆದಿರುವಷ್ಟು ಹೊತ್ತೂ ಯಂತ್ರವು ಚಾಲನೆಯಲ್ಲಿರತಕ್ಕದ್ದು.

ಈ ಚೌಕಟ್ಟಿನ ಧೂಳು ಒರೆಸುವ ಕೆಲಸ ಟೆಕ್ಲಾ ಬುಸುಯೋಕ್‌ಳದು. ಐವತ್ತೆಂಟು ವರ್ಷದ ಗಟ್ಟಿ ಹೆಂಗಸು. ಬೀಗದ ಕೈಯನ್ನು ಕೊರಳಲ್ಲಿ ಶಿಲುಬೆಯ ಜೊತೆ ನೇತುಹಾಕಿಕೊಂಡಿದ್ದಳು. ವರ್ಷಕ್ಕೆ ಎರಡು ಬಾರಿ ಸಾಲ ಕೊಟ್ಟವರ ನಿಯೋಗ ಬರುವ ಹಿಂದಿನ ದಿನ ಅವಳು ನಲವತ್ತು ಕಿಲೋ ಪ್ಲಮ್ ಹಣ್ಣುಗಳನ್ನು ಸಾಬೂನು ಹಾಕಿ ತೊಳೆಯಬೇಕಾಗಿತ್ತು. ಹಣ್ಣು ಮರದವು. ಬಡಗಿಯಿಂದ ಕಡೆಸಿ ನೀಲಿ ಬಣ್ಣ ಬಳಿಸಿದ್ದರು. ನಿಯೋಗದ ಮುಂದೆ ಅವು ಯಂತ್ರದ ಈ ಬಾಯಿಂದ ಹೋಗಿ ಆ ಬಾಯಿಂದ ಬರುತ್ತಿದ್ದವು. ನಿಯೋಗದವರು ಚಪ್ಪಾಳೆ ತಟ್ಟಿ, ಅಧ್ಯಕ್ಷರ ನೆಲಮಾಳಿಗೆಯ ವೈನ್ ಕುಡಿದು, ಕೆಂಪಗಾಗಿ ಹೋಗುತ್ತಿದ್ದರು. ನಾಲ್ಕು ವರ್ಷಗಳಲ್ಲಿ ಎಂಟು ಸಲ ಒಣಗಿದ ಆ ಹಣ್ಣುಗಳಿಗಿಂತ ಚೆನ್ನಾಗಿ ಒಣಗಿದ ಹಣ್ಣು ಇಡೀ ಮೊಲ್ದೋವಾದಲ್ಲಿ ಇರಲಿಲ್ಲ.

ಟೆಕ್ಲಾಗೆ ನಿಜವಾದ ಪ್ಲಮ್ ಮರಗಳೂ ಇದ್ದವು, ತೊಂಬತ್ತು. ಗಂಡ ಝಂಫೀರ್ ಮದುವೆಯಾದ ವರ್ಷ ನೆಟ್ಟದ್ದು. ಗೂಡುಗಳು ಹೋದ ಮೇಲೆ ಅವರು ಹಣ್ಣನ್ನು ಹಸಿಯಾಗಿಯೇ ಮಾರಿದರು; ಬಕೆಟ್ಟಿಗೆ ಅರ್ಧ ಬ್ರೆಡ್ಡಿನ ಬೆಲೆ. ಒಣಗಿದ್ದಕ್ಕೆ ಪೇಟೆಯ ಮಿಠಾಯಿಯವರು ಎಂಟು ಪಟ್ಟು ಕೊಡುತ್ತಿದ್ದರು, ಆದರೆ ಒಣಗಿಸುವುದೆಲ್ಲಿ? ಮೊದಲ ಚಳಿಗಾಲಕ್ಕೆ ಅವರು ದನದ ಕೊಟ್ಟಿಗೆಯ ಬಾಗಿಲು ಉರಿಸಿದರು. ಎರಡನೆಯದಕ್ಕೆ ಕೊಟ್ಟಿಗೆ. ಮೂರನೆಯದಕ್ಕೆ ಬೇಲಿ. ಈ ವರ್ಷ ಉರಿಸಲು ಉಳಿದಿದ್ದು ಆ ತೊಂಬತ್ತು ಮರಗಳೇ. ಆ ಮರಗಳಿಗೋ ಹಿಂದೆಂದೂ ಇಲ್ಲದ ಹಣ್ಣು, ಕೊಂಬೆ ಮುರಿದುಬೀಳುವಷ್ಟು. ಇನ್ನು ಹತ್ತು ದಿನ ಕಳೆದರೆ ಎಲ್ಲ ನೆಲಕ್ಕೆ.

ಟೆಕ್ಲಾ ತಲೆಗೆ ಬಟ್ಟೆ ಕಟ್ಟಿಕೊಂಡು ಗ್ರಾಮ ಕಚೇರಿಗೆ ಹೋದಳು. ಗ್ರಾಮಾಧ್ಯಕ್ಷ ಇಲಾರಿಯೋನ್ ಪ್ರೋಕಾ ಒಬ್ಬನೇ ಕೂತಿದ್ದ. ಕಾರ್ಯದರ್ಶಿ ಇಟಲಿಯಲ್ಲಿ ಯಾರದೋ ಅಜ್ಜಿಯನ್ನು ನೋಡಿಕೊಳ್ಳಲು ಹೋಗಿದ್ದಳು, ಗುಮಾಸ್ತ ಆ ಅಜ್ಜಿಯ ತಂಗಿಯನ್ನು ನೋಡಿಕೊಳ್ಳಲು ಹೋಗಿದ್ದ. ಹೀಗಾಗಿ ಮೊಹರು, ಇಂಕು, ಒಲೆ ಮೂರೂ ಇಲಾರಿಯೋನ್‌ನ ಜವಾಬ್ದಾರಿಯಾಗಿದ್ದವು.

"ಮೂರು ದಿನ ಯಂತ್ರ ಓಡಿಸೋಕೆ ಅಪ್ಪಣೆ ಕೊಡಪ್ಪ ಇಲಾರಿಯೋನ್. ಕರೆಂಟಿನ ದುಡ್ಡು ನಾನು ಕೊಡ್ತೀನಿ," ಎಂದಳು ಟೆಕ್ಲಾ.

"ಯಾತಕ್ಕೆ ಅಕ್ಕ?"

"ಯಾತಕ್ಕೆ ಅಂದ್ರೆ? ಪ್ಲಮ್ ಒಣಗ್ಸೋಕೆ. ಅದು ಪ್ಲಮ್ ಒಣಗ್ಸೋ ಯಂತ್ರ ಕಣೋ."

ಇಲಾರಿಯೋನ್ ಅರ್ಜಿ ನಮೂನೆ ತೆಗೆದು ಬೆರಳಿಟ್ಟು ಓದಿದ. "ಇಲ್ಲಿ ಉದ್ದೇಶ ಅಂತ ಒಂದು ಕಾಲಂ ಇದೆ. ಅತಿಥಿ, ವಿವಾಹ, ಮರಣ. ಬಳಕೆ ಅನ್ನೋದು ಇಲ್ಲವೇ ಇಲ್ಲ ಅಕ್ಕ. ನಾನೇನು ಕೈಯಲ್ಲಿ ಬರೆದು ಸೇರಿಸ್ಲಾ?"

"ಸೇರ್ಸು."

"ಸೇರ್ಸಿದ್ರೆ ನನ್ನನ್ನ ತೆಗೀತಾರೆ."

"ಹಂಗಾದ್ರೆ ನಾನು ಅತಿಥಿ ಅಂತ ಬರ್ಕೊ. ಆ ಯಂತ್ರ ನನ್ನ ಮನೇದಲ್ವಲ್ಲ, ನಾನು ಅಲ್ಲಿಗೆ ಅತಿಥೀನೇ ತಾನೆ?"

"ಅತಿಥಿ ಅಂದ್ರೆ ಸಾಲ ಕೊಡೋನು ಅಂತ ಎರಡನೇ ನಿಯಮದಲ್ಲಿ ಅರ್ಥ ಕೊಟ್ಟಿದಾರೆ. ನೀನು ದೇಶಕ್ಕೆ ಸಾಲ ಕೊಡ್ತೀಯಾ?"

ಟೆಕ್ಲಾ ತನ್ನ ನಾಲ್ಕು ತಿಂಗಳ ಬಾಕಿ ಸಂಬಳವನ್ನು ನೆನಪಿಸಿ, ತಾನು ಆಗಲೇ ಕೊಟ್ಟಿರುವುದಾಗಿ ಹೇಳಿದಳು. ಅದು ಬಾಕಿ, ಸಾಲವಲ್ಲ ಎಂದು ಇಲಾರಿಯೋನ್ ತಿಳಿಸಿದ. ಇಬ್ಬರೂ ವಿವಾಹದ ಸಾಧ್ಯತೆಯನ್ನು ಚರ್ಚಿಸಿದರು. ಊರಿನಲ್ಲಿ ಮದುವೆಯಾಗದೆ ಉಳಿದಿದ್ದವನು ಚರ್ಚಿನ ಗಂಟೆ ಬಾರಿಸುವ ಸ್ಪಿರಿದೋನ್ ಒಬ್ಬನೇ. ವಯಸ್ಸು ಅರವತ್ತೊಂದು. ಅವನು ಮದುವೆಗೆ ಸಿದ್ಧನಿದ್ದ, ನಲವತ್ತು ವರ್ಷಗಳಿಂದ ಸಿದ್ಧನಿದ್ದ, ಹೆಣ್ಣುಗಳು ಇಟಲಿಯಲ್ಲಿದ್ದವು.

"ಉಳಿದದ್ದು ಒಂದೇ," ಎಂದ ಇಲಾರಿಯೋನ್ ನಮೂನೆಯನ್ನು ಡ್ರಾಯರಿಗೆ ಹಾಕುತ್ತ. "ಆದ್ರೆ ಹತ್ತು ದಿನದೊಳಗೆ ಸಾಯೋ ಹಾಗೆ ಯಾರೂ ಕಾಣ್ತಿಲ್ಲ. ಎಲ್ಲ ಗುಂಡುಕಲ್ಲಿನ ಹಾಗಿದಾರೆ."

ಮಧ್ಯಾಹ್ನ ಊಟಕ್ಕೆ ಕುಳಿತಾಗ ಟೆಕ್ಲಾ ಇದನ್ನೆಲ್ಲ ಗಂಡನಿಗೆ ಹೇಳಿ ಗೋಳಾಡಿದಳು. ಝಂಫೀರ್ ಹಿಂದೆ ಸಾಮೂಹಿಕ ಬೇಸಾಯದ ಕಾಲದಲ್ಲಿ ಟ್ರಾಕ್ಟರ್ ರಿಪೇರಿ ಮಾಡುತ್ತಿದ್ದವನು. ಈಗ ಪಿಂಚಣಿ ಬರುತ್ತಿತ್ತು; ಮಾತು ಮತ್ತು ನಿದ್ದೆ ಎರಡರಲ್ಲೂ ಅವನನ್ನು ಮೀರಿಸುವವರಿರಲಿಲ್ಲ. ಮೆಕ್ಕೆಜೋಳದ ಹಿಟ್ಟಿನ ಮುದ್ದೆಯನ್ನು ದಾರದಿಂದ ಕೊಯ್ಯುತ್ತ ಎಲ್ಲವನ್ನೂ ಕೇಳಿಸಿಕೊಂಡ.

"ಹಂಗಾದ್ರೆ ನಾನೇ ಸಾಯ್ತೀನಿ ಬಿಡು."

"ಊಟದ ಹೊತ್ತಲ್ಲಿ ಎಂಥ ಮಾತಯ್ಯ, ಬಿಡ್ತು ಅನ್ನು."

"ಬಿಡ್ತು ಯಾಕೆ? ಮೂರು ದಿನ ತಾನೆ. ಮದುವೆಯಾದಾಗಿಂದ ಎದ್ದೇಳು, ಎದ್ದೇಳು ಅಂತ ಪ್ರಾಣ ತಿಂದಿದೀಯ. ಈಗ ಮಲಕ್ಕೊಳ್ಳೋ ಕೆಲಸ ಬಂದಿದೆ. ಅದನ್ನ ನನ್ನಷ್ಟು ಚೆನ್ನಾಗಿ ಮಾಡೋನು ಈ ಜಿಲ್ಲೇಲಿ ಇನ್ನೊಬ್ಬನನ್ನ ತೋರ್ಸು."

"ಸತ್ತೋನು ಮಾತಾಡಲ್ಲ. ನಿನ್ನ ಕೈಲಾಗುತ್ತಾ?"

"ಅದು ಕಷ್ಟ," ಎಂದು ಝಂಫೀರ್ ಒಪ್ಪಿಕೊಂಡ. ಕುರಿ ಚೀಸಿನ ತುಂಡು ಬಾಯಿಗೆ ಹಾಕಿಕೊಂಡು ಕಿಟಕಿಯಾಚೆ ನೋಡಿದ. "ಆ ಮರ ಕಡಿಯೋದು ಇದಕ್ಕಿಂತ ಕಷ್ಟ ಕಣೆ."

ಇಲಾರಿಯೋನ್ ಮೊದಲು ಹಿಂಜರಿದ. ಮರಣ ಪತ್ರಕ್ಕೆ ವೈದ್ಯರ ಸಹಿ ಬೇಕು ಎಂದ. ವೈದ್ಯರ ಹುದ್ದೆ ಮೂರು ವರ್ಷದಿಂದ ಖಾಲಿ ಇರುವುದನ್ನೂ, ಹುದ್ದೆ ಖಾಲಿ ಇದ್ದಲ್ಲಿ ಗ್ರಾಮಾಧ್ಯಕ್ಷರೇ ಸಹಿ ಮಾಡತಕ್ಕದ್ದೆಂಬ ಸುತ್ತೋಲೆ ಅವನ ಬೆನ್ನ ಹಿಂದೆಯೇ ಅಂಟಿಸಿರುವುದನ್ನೂ ಟೆಕ್ಲಾ ತೋರಿಸಿದಳು. ಅವನು ತಿರುಗಿ ನೋಡಿ, ಓದಿ, ಸುತ್ತೋಲೆಗೆ ತಲೆಬಾಗಿದ. ಮೊಹರಿಗೆ ಉಸಿರು ಊದಿ ಒತ್ತಿದ. ಸೆಪ್ಟೆಂಬರ್ ಹನ್ನೆರಡರ ಬೆಳಿಗ್ಗೆ ಒಂಬತ್ತು ಗಂಟೆಗೆ ಝಂಫೀರ್ ಬುಸುಯೋಕ್ ನಿಧನನಾದ. ಆ ಹೊತ್ತಿನಲ್ಲಿ ಅವನು ಕಚೇರಿಯ ಮೆಟ್ಟಿಲ ಮೇಲೆ ಬೂಟು ಕಳಚಿ ಕಲ್ಲು ಕೊಡವುತ್ತಿದ್ದ.

ನಿಯಮದ ಪ್ರಕಾರ ಕಾರ್ಖಾನೆಯ ಬಾಗಿಲು ತೆರೆಯಿತು. ನಿಯಮದ ಪ್ರಕಾರ ಯಂತ್ರ ಚಾಲೂ ಆಯಿತು. ಶವದ ಪೆಟ್ಟಿಗೆಯನ್ನು ನಡುವೆ ಇಟ್ಟು ಝಂಫೀರ್‌ನನ್ನು ಮದುವೆಯ ಕೋಟಿನಲ್ಲಿ ಮಲಗಿಸಿದರು. ಕೈಯಲ್ಲಿ ಮೇಣದ ಬತ್ತಿ, ತಲೆಯ ಬಳಿ ಹೆಣೆದ ಬ್ರೆಡ್ಡು ಮತ್ತು ಸತ್ತವರಿಗೆಂದು ಮಾಡುವ ಸಿಹಿ ಗೋಧಿ. ಊರಿನವರು ಶವದ ದರ್ಶನಕ್ಕೆ ಬರುವಾಗ ಕೈಯಲ್ಲಿ ಬಕೆಟ್ ಹಿಡಿದು ಬಂದರು. ಟೆಕ್ಲಾಳ ಮರಗಳಿಂದ ಹಣ್ಣು ಕಿತ್ತು ತಂದು ತಟ್ಟೆಗಳಿಗೆ ಸುರಿದು, ಶಿಲುಬೆಯ ಗುರುತು ಮಾಡಿ, ಮತ್ತೆ ತೋಟಕ್ಕೆ ಓಡಿದರು. ಯಂತ್ರ ದಿನಕ್ಕೆ ಒಂದೂಕಾಲು ಟನ್ ಒಣಗಿಸುತ್ತಿತ್ತು. ಮೂರು ದಿನಕ್ಕೆ ಸರಿಯಾಗಿ ಟೆಕ್ಲಾಳ ತೋಟ. ನಾಲ್ಕು ವರ್ಷ ಮರದ ಚೂರುಗಳನ್ನು ಉಂಡು ಉಂಡು ಬೇಸತ್ತಿದ್ದ ಯಂತ್ರಕ್ಕೆ ಮೊದಲ ಸಲ ಹಣ್ಣಿನ ರಸ ತಾಗಿ, ಇಡೀ ಊರಿಗೆ ಪ್ಲಮ್ ವಾಸನೆ ಹಬ್ಬಿತು.

ಪಕ್ಕದ ಮನೆಯ ವರ್ವಾರಾ ಸತ್ತವರ ಮನೆಗಳಲ್ಲಿ ಹಾಡಿ ಅಳುವುದರಲ್ಲಿ ಎತ್ತಿದ ಕೈ. ಅವಳು ಅರ್ಧ ಕೆಲಸ ಮಾಡುವವಳಲ್ಲ. ಎರಡನೆಯ ದಿನ ಬೆಳಿಗ್ಗೆ ಪೆಟ್ಟಿಗೆಯ ತಲೆದೆಸೆಗೆ ಕೂತು ಶುರುಮಾಡಿದಳು: "ಎದ್ದು ಹೋದೆಯಲ್ಲೋ ಝಂಫೀರಾ, ನೆಟ್ಟ ಮರಕ್ಕೆ ಹೇಳದೆ ಹೋದೆಯಲ್ಲೋ, ಹೆಂಡತಿ ಕೈಗೆ ಬಕೆಟ್ ಕೊಟ್ಟು ಹೋದೆಯಲ್ಲೋ..."

ತಟ್ಟೆಗಳನ್ನು ತಿರುಗಿಸುತ್ತಿದ್ದ ಟೆಕ್ಲಾ ಮೊದಲು ನಗು ತಡೆದುಕೊಂಡಳು. ಆಮೇಲೆ ಒಮ್ಮೆ ಪೆಟ್ಟಿಗೆಯ ಕಡೆ ನೋಡಿದಳು. ಮೂವತ್ತೊಂಬತ್ತು ವರ್ಷದ ಹಿಂದಿನ ಕೋಟು, ಅದರೊಳಗೆ ತೆಳ್ಳಗಾದ ಕುತ್ತಿಗೆ, ಮೇಣ ಸೋರಿದ ಬೆರಳುಗಳು. ಒಂದು ದಿನ ಹೀಗೆಯೇ ಕಾಣುತ್ತಾನೆ ಎಂದು ಹೊಳೆದದ್ದೇ ತಡ, ಅಳು ಒತ್ತರಿಸಿಕೊಂಡು ಬಂತು. ನಿಂತಲ್ಲೇ ಬಿಕ್ಕಿ ಬಿಕ್ಕಿ ಅತ್ತಳು. ಅದು ಯಾವ ನಿಯಮದ ಪ್ರಕಾರವೂ ಬಂದ ಅಳುವಲ್ಲ.

ಮೃತನು ಒಂದು ಕಣ್ಣು ತೆರೆದ. "ಆಮೇಲೆ ಅಳುವೆಯಂತೆ. ಕೆಳಗಿನ ತಟ್ಟೆ ತಿರುಗ್ಸೇ, ಸೀದು ಹೋಗ್ತಿದೆ."

ಮೂರನೆಯ ದಿನ ಮಧ್ಯಾಹ್ನ ಪ್ರಗತಿ ಸಂರಕ್ಷಣಾ ಮಂಡಳಿಯ ಹಿರಿಯ ಪರಿವೀಕ್ಷಕ ಸೆವೆರಿನ್ ಟಿಂಕು ಬಂದ. ರಸ್ತೆಯಲ್ಲಿ ಹಾದುಹೋಗುವಾಗ ಕಾರ್ಖಾನೆಯ ಚಿಮಣಿಯಲ್ಲಿ ಆವಿ ಕಂಡು, ದುರಂತ ಸಂಭವಿಸಿದೆ ಎಂದುಕೊಂಡು ಕಾರು ತಿರುಗಿಸಿದ್ದ. ಒಳಗೆ ಕಾಲಿಟ್ಟು ಯಂತ್ರ ನೋಡಿದ, ರಾಶಿ ಬಿದ್ದ ಒಣ ಹಣ್ಣು ನೋಡಿದ, ಕೊನೆಗೆ ಪೆಟ್ಟಿಗೆ ನೋಡಿದ. ಇಲಾರಿಯೋನ್‌ನ ಮುಖ ಸುಣ್ಣದ ಗೋಡೆಯಂತಾಯಿತು.

"ಮೃತರು ಇವರೇನಾ?" ಎಂದ ಟಿಂಕು.

"ಹೌದು ಸಾಹೇಬ್ರೇ. ಬಹಳ ಒಳ್ಳೆ ಮನುಷ್ಯ."

"ಮೃತರು ಏನೋ ಜಗಿಯುತ್ತಿದ್ದಾರೆ."

ಝಂಫೀರ್ ಜಗಿಯುವುದನ್ನು ನಿಲ್ಲಿಸಿದ. ಇಲಾರಿಯೋನ್ ಮರಣ ಪತ್ರ ಮುಂದೆ ಚಾಚಿದ. "ಸರ್ಟಿಫಿಕೇಟು ನೋಡ್ಬೇಕು ಸಾಹೇಬ್ರೇ."

ಟಿಂಕು ಪತ್ರವನ್ನು ಬೆಳಕಿಗೆ ಹಿಡಿದು ನೋಡಿದ. ಮೊಹರು ದುಂಡಗಿತ್ತು, ಕ್ರಮಾಂಕವಿತ್ತು, ದಿನಾಂಕ ತಿದ್ದಿರಲಿಲ್ಲ. ಪತ್ರವನ್ನೊಮ್ಮೆ ಪೆಟ್ಟಿಗೆಯನ್ನೊಮ್ಮೆ ನೋಡಿ, ಎರಡರಲ್ಲಿ ಯಾವುದಕ್ಕೆ ಸರ್ಕಾರದ ಮೊಹರಿದೆ ಎಂದು ಖಚಿತಪಡಿಸಿಕೊಂಡು, ಟೋಪಿ ತೆಗೆದ. "ಅವರ ಆತ್ಮಕ್ಕೆ ಶಾಂತಿ ಸಿಗಲಿ," ಎಂದ. ತನ್ನ ಪುಸ್ತಕದಲ್ಲಿ ಹೀಗೆ ಬರೆದುಕೊಂಡ: ಮರಣಾನಂತರದ ವರ್ತನೆಯು ಮಂಡಳಿಯ ವ್ಯಾಪ್ತಿಗೆ ಬರುವುದಿಲ್ಲ.

ಅಷ್ಟಕ್ಕೆ ಮುಗಿಯಬೇಕಾಗಿತ್ತು. ಆದರೆ ಟಿಂಕು ಲೆಕ್ಕ ಬಲ್ಲವನಾಗಿದ್ದ. ಪುಸ್ತಕ ಮುಚ್ಚುವವನು ತಡೆದು, ಊರಿನ ಜನಸಂಖ್ಯೆ ಎಷ್ಟು ಎಂದು ಕೇಳಿದ. ಇನ್ನೂರ ನಲವತ್ತೆರಡು ಎಂದ ಇಲಾರಿಯೋನ್. ಪೆಟ್ಟಿಗೆಯ ಕಡೆ ನೋಡಿ ಇನ್ನೂರ ನಲವತ್ತೊಂದು ಎಂದು ತಿದ್ದಿಕೊಂಡ. ಟಿಂಕು ಪೆನ್ಸಿಲು ಕಚ್ಚಿದ. ಅವನ ಕಿವಿ ಕೆಂಪಾಯಿತು.

"ಅಧ್ಯಕ್ಷರೇ, ನಿಮಗೆ ಇದು ಅರ್ಥವಾಗುತ್ತಿದೆಯೇ? ನಾಲ್ಕು ವರ್ಷದಲ್ಲಿ ಮೊದಲ ಸಲ ಉತ್ಪಾದನೆ ಏರಿದೆ. ಅದೇ ಹೊತ್ತಿಗೆ ತಲೆ ಒಂದು ಇಳಿದಿದೆ. ತಲಾ ಆದಾಯ ಎರಡು ಕಡೆಯಿಂದ ಏರಿದೆ! ನಮ್ಮ ಮಂಡಳಿ ಇಷ್ಟು ವರ್ಷ ಮೇಲಿನ ಅಂಕಿಯನ್ನು ಮಾತ್ರ ಹಿಡಿದು ಒದ್ದಾಡುತ್ತಿತ್ತು. ಕೆಳಗಿನ ಅಂಕಿ ನಮ್ಮ ಕೈಯಲ್ಲೇ ಇದೆಯೆಂದು ಯಾರಿಗೂ ಹೊಳೆಯಲಿಲ್ಲವಲ್ಲ."

ಅಲ್ಲಿಂದಲೇ ರಾಜಧಾನಿಗೆ ಫೋನ್ ಮಾಡಿದ. ಹೋಗುವಾಗ ಒಂದು ಚೀಲ ಒಣ ಪ್ಲಮ್ ಅನ್ನು ಮಾದರಿಗೆಂದು ಕಾರಿಗೆ ಹಾಕಿಸಿಕೊಂಡ.

ಝಂಫೀರ್‌ನ ಅಂತ್ಯಕ್ರಿಯೆ ನಾಲ್ಕನೆಯ ದಿನ ನಡೆಯಿತು. ಪೆಟ್ಟಿಗೆ ಖಾಲಿ ಹೋದರೆ ಹೊರುವವರಿಗೆ ಹಗುರವಾಗಿ ಅನುಮಾನ ಬರುತ್ತದೆಂದು ಅದರೊಳಗೆ ಮರದ ಪ್ಲಮ್ ಹಣ್ಣುಗಳನ್ನು ತುಂಬಿದರು. ಪೆಟ್ಟಿಗೆ ಹೊತ್ತ ನಾಲ್ವರಲ್ಲಿ ಝಂಫೀರ್‌ನೂ ಒಬ್ಬ. ಊರಿನಲ್ಲಿ ಭುಜ ಗಟ್ಟಿ ಇರುವ ಗಂಡಸರು ಅಷ್ಟೇ ಉಳಿದಿದ್ದರು. ಪಾದ್ರಿಗಳು ತಾವು ಸುಳ್ಳು ಹೇಳುವವರಲ್ಲ, ಆದರೆ ಪೆಟ್ಟಿಗೆಯೊಳಗೆ ಏನಿದೆ ಎಂದು ಕೇಳುವ ಅಭ್ಯಾಸವೂ ತಮಗಿಲ್ಲ ಎಂದರು. ಶಿಲುಬೆಯ ಮೇಲೆ ಹೆಸರು, ತಾರೀಖು ಬರೆಸಲಾಯಿತು. ಟೆಕ್ಲಾ ಪದ್ಧತಿಯಂತೆ ಬಂದವರಿಗೆಲ್ಲ ಟವೆಲ್ಲು, ಬ್ರೆಡ್ಡು, ಮೇಣದ ಬತ್ತಿ ಕೊಟ್ಟಳು. ಝಂಫೀರ್ ತನ್ನ ಟವೆಲ್ಲನ್ನು ಕೇಳಿ ತೆಗೆದುಕೊಂಡ.

ಒಣ ಹಣ್ಣು ಒಳ್ಳೆಯ ಬೆಲೆಗೆ ಹೋಯಿತು. ಟೆಕ್ಲಾ ಸೌದೆ ಕೊಂಡಳು, ಬೇಲಿ ಹಾಕಿಸಿದಳು. ತೊಂಬತ್ತು ಮರಗಳೂ ನಿಂತವು. ಆಮೇಲೆ ಅವಳು ಗ್ರಾಮ ಕಚೇರಿಗೆ ಹೋಗಿ, ಕೆಲಸ ಆಯಿತಲ್ಲ, ಇನ್ನು ಗಂಡನನ್ನು ಬದುಕಿಸಿಕೊಡು ಎಂದು ಕೇಳಿದಳು. ಇಲಾರಿಯೋನ್ ಮಂಡಳಿಗೆ ಬರೆದ. ಮಂಡಳಿ ಒಂದೇ ವಾರದಲ್ಲಿ ಉತ್ತರಿಸಿತು. ಆ ಮಂಡಳಿ ಯಾವ ಪತ್ರಕ್ಕಾದರೂ ಅಷ್ಟು ಬೇಗ ಉತ್ತರಿಸಿದ್ದು ಅದೇ ಮೊದಲು.

ವಿಷಯ: ದಿವಂಗತ ಬುಸುಯೋಕ್ ಅವರ ಪುನರ್ಜೀವನದ ಕುರಿತು. ಉಲ್ಲೇಖಿತ ವ್ಯಕ್ತಿಯ ಮರಣವನ್ನು ಸಾಲ ನೀಡುವ ಸಂಸ್ಥೆಗಳಿಗೆ ಸಲ್ಲಿಸಿದ ವರದಿಯಲ್ಲಿ ಸಾಧನೆಯೆಂದು ಸೇರಿಸಲಾಗಿದೆ. ಅವರನ್ನು ಬದುಕಿಸಿದಲ್ಲಿ ತಲಾ ಆದಾಯವು ಕುಸಿಯುವುದರಿಂದ ಸದರಿ ಕೋರಿಕೆಯು ರಾಷ್ಟ್ರದ ಆರ್ಥಿಕ ಹಿತಕ್ಕೆ ಧಕ್ಕೆ ತರುವ ಕೃತ್ಯವಾಗುತ್ತದೆ. ಮೃತರು ಈಗಿರುವ ಸ್ಥಿತಿಯಲ್ಲೇ ಸಹಕರಿಸತಕ್ಕದ್ದು.

ಅದರ ಬೆನ್ನಿಗೇ ಎರಡನೆಯ ಸುತ್ತೋಲೆ ಬಂತು. ಪೆರ್ಜೇನಿಯ ಮಾದರಿಯನ್ನು ಐಚ್ಛಿಕ ಮರಣ ಯೋಜನೆಯೆಂಬ ಹೆಸರಿನಲ್ಲಿ ಇಡೀ ಜಿಲ್ಲೆಗೆ ವಿಸ್ತರಿಸಲಾಗಿತ್ತು. ಪ್ರತಿ ಮರಣಕ್ಕೆ ಮೂರು ದಿನ ಯಂತ್ರ. ಸಾಯುವವರು ಒಂದು ತಿಂಗಳು ಮುಂಚಿತವಾಗಿ ಅರ್ಜಿ ಸಲ್ಲಿಸತಕ್ಕದ್ದು. ಒಂದೇ ದಿನ ಇಬ್ಬರು ಸಾಯತಕ್ಕದ್ದಲ್ಲ. ಟಿಂಕುವಿಗೆ ಬಡ್ತಿ ಸಿಕ್ಕಿ, ಯೋಜನೆಯ ಉಸ್ತುವಾರಿಗೆ ಪೆರ್ಜೇನಿಯಲ್ಲೇ ಮೇಜು ಹಾಕಿಕೊಟ್ಟರು. ಅಕ್ಟೋಬರಿನಲ್ಲಿ ಸೇಬಿಗಾಗಿ ವರ್ವಾರಾಳ ಅಣ್ಣ ಸತ್ತ. ನವೆಂಬರಿನಲ್ಲಿ ಬಂದ ನಿಯೋಗಕ್ಕೆ ವಿದೇಶದಿಂದ ಟೆಂಡರ್ ಮೂಲಕ ತರಿಸಿದ ಪ್ಲಾಸ್ಟಿಕ್ ಪ್ಲಮ್ ತೋರಿಸಲಾಯಿತು. ಒಂದು ಸುತ್ತು ಹೋಗುವುದರೊಳಗೆ ಅವು ಕರಗಿ ತಟ್ಟೆಗೆ ಅಂಟಿಕೊಂಡವು. ನಿಯೋಗದವರು ಅದನ್ನು ಜ್ಯಾಮ್ ಎಂದು ತಿಳಿದು, ಉತ್ಪನ್ನಗಳ ವೈವಿಧ್ಯವನ್ನು ಮೆಚ್ಚಿ ಬರೆದರು.

ಸತ್ತ ಮೇಲಿನ ಬದುಕಿಗೆ ಝಂಫೀರ್ ಬೇಗ ಒಗ್ಗಿಕೊಂಡ. ಪಿಂಚಣಿ ನಿಂತಿತು. ಮತದಾನಕ್ಕೆ ಹೋದಾಗ ಅವನ ಹೆಸರು ಪಟ್ಟಿಯಲ್ಲಿರುವುದು ಕಂಡಿತು. ಸತ್ತವರ ಹೆಸರು ಅಲ್ಲಿಂದ ತೆಗೆಯುವ ಪದ್ಧತಿ ಇರಲಿಲ್ಲ. ಭಾನುವಾರ ತನ್ನ ಸಮಾಧಿಯ ಮೇಲಿನ ಕಳೆ ಕಿತ್ತು, ಕೂತು ಒಂದು ಲೋಟ ವೈನ್ ಕುಡಿದು ಬರುತ್ತಿದ್ದ. "ಜಾಗ ಚೆನ್ನಾಗಿದೆ ಕಣೆ, ಗಾಳಿ ಬೆಳಕು ಇದೆ," ಎಂದು ಹೆಂಡತಿಗೆ ಹೇಳುತ್ತಿದ್ದ.

ಫೆಬ್ರವರಿಯಲ್ಲಿ ಅವನಿಗೆ ಎದೆಯಲ್ಲಿ ಕಫ ಕಟ್ಟಿತು. ಟೆಕ್ಲಾ ಹಂದಿಯ ಕೊಬ್ಬು ಸವರಿದಳು, ಬಿಸಿ ವೈನಿಗೆ ಮೆಣಸು ಹಾಕಿ ಕುಡಿಸಿದಳು. ಜ್ವರ ಇಳಿಯಲಿಲ್ಲ. ಬಂಡಿಯಲ್ಲಿ ಹುಲ್ಲು ಹಾಸಿ, ಎರಡು ಕಂಬಳಿ ಹೊದಿಸಿ, ಜಿಲ್ಲಾ ಆಸ್ಪತ್ರೆಗೆ ಕರೆದೊಯ್ದಳು. ಕಿಟಕಿಯಲ್ಲಿ ಕೂತಿದ್ದ ಹೆಂಗಸು ಹೆಸರು ಕೇಳಿ ದಾಖಲೆ ತೆಗೆದಳು.

"ಅಮ್ಮಾ, ಇವರು ಸೆಪ್ಟೆಂಬರ್ ಹನ್ನೆರಡಕ್ಕೆ ತೀರ್ಕೊಂಡಿದಾರೆ."

"ಗೊತ್ತು ತಾಯಿ. ಈಗ ಕೆಮ್ಮು ಬಂದಿದೆ."

"ತೀರ್ಕೊಂಡೋರಿಗೆ ಹಾಸಿಗೆ ಕೊಡೋ ಹಾಗಿಲ್ಲ. ಕೊಟ್ರೆ ನಾನು ಬದುಕಿದೋರ ಔಷಧಿ ಕದ್ದ ಹಾಗಾಗುತ್ತೆ."

"ಒಂದು ಸಲ ಎದೆ ಮೇಲೆ ಕೈ ಇಟ್ಟು ನೋಡು. ಕುದೀತಾ ಇದೆ."

ಹೆಂಗಸು ಕೆಟ್ಟವಳಲ್ಲ. ಕಿಟಕಿಯಿಂದ ಕೈ ಹೊರಗೆ ಚಾಚಿ ಅವನ ಹಣೆ ಮುಟ್ಟಿ ನೋಡಿದಳು. ಅವಳ ಕಣ್ಣು ತೇವವಾಯಿತು. ಆಮೇಲೆ ಕೈ ಒಳಗೆ ತೆಗೆದುಕೊಂಡು ಕಿಟಕಿ ಮುಚ್ಚಿದಳು.

ವಾಪಸು ಬರುವಾಗ ಹಿಮ ಬೀಳುತ್ತಿತ್ತು. ಝಂಫೀರ್ ಹುಲ್ಲಿನಲ್ಲಿ ಮಲಗಿಕೊಂಡೇ ಕೇಳಿದ, "ಮರಕ್ಕೆ ಈ ಸಲ ಊರುಗೋಲು ಕೊಡ್ಬೇಕಾಗುತ್ತೆ ಟೆಕ್ಲಾ. ಕಳೆದ ಸಲ ಎಷ್ಟು ಕೊಂಬೆ ಮುರೀತು ನೋಡ್ದೆ ತಾನೆ?"

"ನೀನೇ ಕಡಿದು ಇಟ್ಟಿದೀಯಲ್ಲಯ್ಯ, ನೂರು."

"ಹೌದಲ್ಲ. ಕಡಿದಿಟ್ಟಿದೀನಿ," ಎಂದ. ಅಷ್ಟು ಹೇಳಿ ಸಮಾಧಾನವಾಗಿ ಕಣ್ಣು ಮುಚ್ಚಿಕೊಂಡ. ಮೂರನೆಯ ದಿನ ಬೆಳಿಗ್ಗೆ ಒಲೆಯ ಪಕ್ಕದಲ್ಲಿ ತೀರಿಕೊಂಡ.

ಟೆಕ್ಲಾ ಕಾರ್ಖಾನೆಯ ಬಾಗಿಲು ತೆರೆಸಲು ಹೋದಳು. ಒಳಗೆ ಆಗಲೇ ಗಂಟೆಯ ಸ್ಪಿರಿದೋನ್ ಸತ್ತು ಮಲಗಿದ್ದ. ಫೆಬ್ರವರಿಯ ಸರದಿ ಅವನದು, ನೆಲಮಾಳಿಗೆಯಲ್ಲಿ ಉಳಿದಿದ್ದ ಸೇಬಿಗಾಗಿ. ವಿಷಯ ಕೇಳಿದ್ದೇ ಅವನು ಪೆಟ್ಟಿಗೆಯಿಂದ ಎದ್ದು ಕೂತ. "ಟೆಕ್ಲಕ್ಕಾ, ನಾನು ಏಳ್ತೀನಿ. ಅಣ್ಣನ್ನ ಇಲ್ಲಿ ಮಲಗ್ಸು." ಟಿಂಕು ಅವನ ಭುಜದ ಮೇಲೆ ಕೈ ಇಟ್ಟು ಮತ್ತೆ ಮಲಗಿಸಿದ. ಸ್ಪಿರಿದೋನ್‌ನ ಮರಣದ ಅಧಿಸೂಚನೆ ಹೊರಬಿದ್ದಿದೆ ಎಂದ. ಝಂಫೀರ್ ವಿಚಾರದಲ್ಲಂತೂ ತಾನು ನಿಸ್ಸಹಾಯಕ; ಒಬ್ಬನೇ ವ್ಯಕ್ತಿಯನ್ನು ಎರಡು ಸಲ ಕಳೆದರೆ ಅದು ಲೆಕ್ಕದಲ್ಲಿ ವಂಚನೆಯಾಗುತ್ತದೆ, ಮಂಡಳಿ ಅಂಥದ್ದಕ್ಕೆ ಇಳಿಯುವುದಿಲ್ಲ ಎಂದ.

ಟೆಕ್ಲಾ ಮನೆಗೆ ಬಂದು ತನ್ನ ದೊಡ್ಡ ಕೋಣೆಯ ಬಾಗಿಲು ತೆರೆದಳು. ಸೂರಿನವರೆಗೆ ಪೇರಿಸಿದ್ದ ದಿಂಬುಗಳನ್ನು ಒಂದೊಂದಾಗಿ ಕೆಳಗಿಳಿಸಿದಳು. ಅವಳು ಮದುವಣಗಿತ್ತಿಯಾಗಿ ಈ ಮನೆಗೆ ಬರುವಾಗ ತಂದ ದಿಂಬುಗಳು. ಒಂದರ ಮೇಲೂ ತಲೆಯ ಗುರುತಿರಲಿಲ್ಲ. ಎಲ್ಲಕ್ಕಿಂತ ಮೆತ್ತಗಿದ್ದುದನ್ನು ಅವನ ತಲೆಯ ಕೆಳಗಿಟ್ಟಳು. ಮೂರು ದಿನ ಅವನು ಮಾತಾಡಲಿಲ್ಲ. ವರ್ವಾರಾ ಬಂದು ಕೂತಳು, ಬಾಯಿ ತೆರೆದಳು, ಹಾಡು ಹೊರಡಲಿಲ್ಲ. ಅದನ್ನು ಅವಳು ಆಗಲೇ ಹಾಡಿ ಮುಗಿಸಿದ್ದಳು. ಸುಮ್ಮನೆ ಟೆಕ್ಲಾಳ ಕೈ ಹಿಡಿದುಕೊಂಡು ಕೂತುಬಿಟ್ಟಳು.

ಅವನ ಸಮಾಧಿ ಸಿದ್ಧವಿತ್ತು. ಮರದ ಪ್ಲಮ್ ಹಣ್ಣುಗಳ ಮೇಲೆ ಅವನನ್ನು ಇಳಿಸಿದರು. ಶಿಲುಬೆಯ ಮೇಲಿನ ತಾರೀಖನ್ನು ತಿದ್ದಲು ಅಪ್ಪಣೆ ಸಿಗಲಿಲ್ಲ.

ಜಿಲ್ಲೆಯ ತಲಾ ಆದಾಯ ಆ ವರ್ಷ ನೆರೆಯ ಎಲ್ಲ ಜಿಲ್ಲೆಗಳನ್ನು ಮೀರಿಸಿತು. ಆಗಸ್ಟಿನ ಮೊದಲ ದಿನ ಬೆಳಿಗ್ಗೆ ಗ್ರಾಮ ಕಚೇರಿಯ ಮುಂದೆ ಉದ್ದನೆಯ ಸಾಲಿತ್ತು. ಟೊಮೆಟೊ ಬೆಳೆದವರು ತಿಂಗಳ ಕೊನೆಗೆ, ಪ್ಲಮ್ ಬೆಳೆದವರು ಸೆಪ್ಟೆಂಬರಿಗೆ, ದ್ರಾಕ್ಷಿಯವರು ಅದರ ನಂತರ ಸಾಯಲು ಬಯಸಿದ್ದರು. ಸಾಲಿನಲ್ಲಿ ತಳ್ಳಾಟವಿರಲಿಲ್ಲ. ಒಬ್ಬ ತಾನು ಬೇಗ ಸಾಯಬೇಕೆಂದೂ ಹಿಂದಿನ ವಾರ ಬೇರೊಬ್ಬ ಲಂಚ ಕೊಟ್ಟು ಸತ್ತನೆಂದೂ ಗೊಣಗುತ್ತಿದ್ದ. ಇಲಾರಿಯೋನ್ ಎಲ್ಲರಿಗೂ ನೀರು ಕೊಡುತ್ತಿದ್ದ.

ಟೆಕ್ಲಾಳ ಸರದಿ ಬಂದಾಗ ಟಿಂಕು ತಲೆಯೆತ್ತದೆ ನಮೂನೆ ತುಂಬಲು ಶುರುಮಾಡಿದ. ಹೆಸರು, ವಯಸ್ಸು, ಬೇಕಾದ ದಿನಾಂಕ. ಸೆಪ್ಟೆಂಬರ್ ಹನ್ನೆರಡು ಎಂದಳು ಟೆಕ್ಲಾ. ಆ ದಿನ ಖಾಲಿ ಇದೆ, ಅದೃಷ್ಟವಂತರು ಎಂದ ಟಿಂಕು.

"ಸಾವಿಗೆ ಕಾರಣ?"

ಕಿಟಕಿಯಿಂದ ಅವಳ ತೋಟ ಕಾಣುತ್ತಿತ್ತು. ತೊಂಬತ್ತು ಮರಗಳೂ ನೂರು ಊರುಗೋಲುಗಳ ಮೇಲೆ ಭಾರ ಹಾಕಿ ನಿಂತಿದ್ದವು. ಒಂದು ಕೊಂಬೆಯೂ ಮುರಿದಿರಲಿಲ್ಲ.

"ಫಸಲು ಚೆನ್ನಾಗಿ ಬಂದಿದೆ," ಎಂದಳು.

ಟಿಂಕು ಹಾಗೆಯೇ ಬರೆದುಕೊಂಡ, ಮೊಹರು ಒತ್ತಿದ, ಮುಂದಿನವರನ್ನು ಕರೆದ.